ಝೀರೋ ನಿಲ್ಲುತ್ತಿಲ್ಲವೇ? ಮೊದಲು ಟರೆಟ್‌ನಿಂದ ಕೈ ತೆಗೆಯಿರಿ

ಹೋದ ವಾರ 100 ಮೀಟರ್‌ನಲ್ಲಿ ಗುರಿಯ ನಟ್ಟನಡುವೆ ಕೂತಿದ್ದ ಗುಂಡು ಈ ವಾರ ಆರು ಸೆಂಟಿಮೀಟರ್ ಎಡಕ್ಕೆ ಬೀಳುತ್ತಿದೆ. ರೈಫಲ್ ಅದೇ, ಸ್ಕೋಪ್ ಅದೇ, ಗುಂಡಿನ ಡಬ್ಬಿಯೂ ಅದೇ. ಕೈ ತಾನಾಗಿ ಟರೆಟ್ ಕಡೆ (ಗುರಿ ಹೊಂದಿಸಲು ಸ್ಕೋಪ್ ಮೇಲೆ ಇರುವ ತಿರುಗಿಸುವ ಗುಂಡಿ) ಹೋಗುತ್ತದೆ, ಅಲ್ವಾ? ಎಂಟು ಕ್ಲಿಕ್ (ಅದರ ಒಂದೊಂದು ಸಣ್ಣ ಹೆಜ್ಜೆ) ಬಲಕ್ಕೆ ತಿರುಗಿಸಿ, ಮತ್ತೆ ಮೂರು ಹೊಡೆದು, ಅಯ್ಯೋ ಜಾಸ್ತಿ ಬಲಕ್ಕೆ ಹೋಯಿತು ಎಂದು ನಾಲ್ಕು ಕ್ಲಿಕ್ ವಾಪಸ್ ತಂದು, ಇನ್ನೊಂದು ಮೂರು ಹೊಡೆದು, ಹೀಗೇ ಮಧ್ಯಾಹ್ನದ ಹೊತ್ತಿಗೆ ಒಂದು ಡಬ್ಬಿ ಖಾಲಿ. ಝೀರೋ, ಅಂದರೆ ಗುರಿ ಇಟ್ಟಲ್ಲೇ ಗುಂಡು ಬೀಳುವ ಹೊಂದಾಣಿಕೆ, ಮಾತ್ರ ಎಲ್ಲೂ ಇಲ್ಲ.

ನಾನು ಇದನ್ನು ಮೂರು ಭಾನುವಾರ ಮಾಡಿದ್ದೇನೆ. ಗುಂಡು ಹೋದರೆ ಹೋಗಲಿ, ಅದರ ಜೊತೆ ಸುಳಿವೂ ಹೋಗುತ್ತದೆ. ಸಡಿಲ ಆಗಿದ್ದು ಸ್ಕೋಪ್ ಹಿಡಿಯುವ ಮೌಂಟೋ, ಕೆಟ್ಟಿದ್ದು ಸ್ಕೋಪೋ, ತಪ್ಪಿದ್ದು ನನ್ನ ಭುಜವೋ ಎಂದು ಹೇಳುವ ಸಾಕ್ಷಿ ಆ ಮೊದಲ ಟಾರ್ಗೆಟ್ ಹಾಳೆಯಲ್ಲಿ ಇತ್ತು. ಅದರ ಮೇಲೆ ನಾನೇ ಎಂಟು ಕ್ಲಿಕ್ ಕಲಸಿಬಿಟ್ಟೆ. ಕಾರಣ ಸಿಗುವ ತನಕ ಟರೆಟ್ ಮುಟ್ಟಬೇಡಿ, ಮತ್ತು ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಕೆಳಗಿನದ್ದೆಲ್ಲ ಇದರ ಮೇಲೇ ನಿಂತಿದೆ.

ಸ್ಕ್ರೂಡ್ರೈವರ್ ಕೈಗೆ ಬರುವ ಮೊದಲು ಮ್ಯಾಗಝಿನ್ ಹೊರಗೆ, ಬೋಲ್ಟ್ (ನಳಿಗೆಯ ಹಿಂಭಾಗ ಮುಚ್ಚುವ ತುಂಡು) ಹಿಂದಕ್ಕೆ. ಗುಂಡು ಕೂರುವ ಚೇಂಬರ್ ಖಾಲಿ ಎಂದು ಕಣ್ಣಿನಿಂದಲೂ ನೋಡಿ, ಬೆರಳಿನಿಂದಲೂ ಮುಟ್ಟಿ ನೋಡಿ. ರೇಂಜ್‌ನಲ್ಲಿ ಜನ ಟಾರ್ಗೆಟ್ ಕಡೆ ನಡೆದು ಹೋಗಿರುವಾಗ ಬಂದೂಕು ಮುಟ್ಟಲೇಬಾರದು. ಖಾಲಿ ಇದ್ದರೂ ಬೇಡ, ಸುಮ್ನೆ ಸ್ಕೋಪ್‌ನಲ್ಲಿ ಇಣುಕುವುದೂ ಬೇಡ. ಇನ್ನೊಂದು ಮಾತು. ಹೊಡೆದಾಗ ಸದ್ದು ಪುಸ್ ಎಂದು ಸಣ್ಣದಾಗಿ ಬಂದು, ಭುಜಕ್ಕೆ ಒದೆ ಬರದಿದ್ದರೆ ಅದು ಝೀರೋ ಸಮಸ್ಯೆ ಅಲ್ಲ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ನಳಿಗೆಯನ್ನು ಟಾರ್ಗೆಟ್ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ಆಮೇಲೆ ಬೋಲ್ಟ್ ತೆಗೆದು ನಳಿಗೆಯಲ್ಲಿ ಬೆಳಕು ಕಾಣುತ್ತದೆಯೇ ನೋಡಿ. ಅಷ್ಟು ಆಗದೆ ಇನ್ನೊಂದು ಗುಂಡು ಹಾಕಬೇಡಿ.

ಹಾಳೆ ಏನು ಹೇಳುತ್ತಿದೆ

ಹೊಸ ಹಾಳೆ ಅಂಟಿಸಿ, ಗುರಿ ಒಂದೇ ಜಾಗಕ್ಕೆ ಇಟ್ಟು, ಏನೂ ತಿರುಗಿಸದೆ ಹತ್ತು ಗುಂಡು ಹೊಡೆಯಿರಿ. ನಳಿಗೆ ಬಿಸಿಯಾಗದ ಹಾಗೆ ನಿಧಾನವಾಗಿ. ಪ್ರತಿ ಗುಂಡು ಎಲ್ಲಿ ಬಿತ್ತು ಎಂದು ಸ್ಪಾಟಿಂಗ್ ಸ್ಕೋಪ್‌ನಲ್ಲಿ ನೋಡಿ, ಪಕ್ಕದ ಕಾಗದದಲ್ಲಿ 1, 2, 3 ಎಂದು ನಂಬರ್ ಹಾಕಿಕೊಳ್ಳಿ. ಈ ನಂಬರ್ ಹಾಕುವ ಕೆಲಸ ಎಲ್ಲರಿಗೂ ಬೇಜಾರು, ಆದರೆ ಅರ್ಧ ಉತ್ತರ ಅದರಲ್ಲೇ ಇರುತ್ತದೆ.

ಮೂರೇ ಗುಂಡು ಸಾಲದೇ ಎಂದು ಕೇಳಬಹುದು. ಸಾಲದು. ಹತ್ತು ಗುಂಡನ್ನು ಮೂರು ಸೆಂ.ಮೀ. ಒಳಗೆ ಹಾಕುವ ಒಳ್ಳೆಯ ರೈಫಲ್‌ನಲ್ಲೂ ಮೂರು ಗುಂಡಿನ ಗ್ರೂಪಿನ (ಒಟ್ಟಿಗೆ ಬಿದ್ದ ತೂತುಗಳ ಗುಂಪಿನ) ನಡುಬಿಂದು ಏನೂ ಕಾರಣವಿಲ್ಲದೆ ಅರ್ಧದಿಂದ ಒಂದು ಸೆಂ.ಮೀ. ಅತ್ತಿತ್ತ ಓಡಾಡುತ್ತದೆ. ನಾವು ಬೆನ್ನು ಹತ್ತಿದ 'ಝೀರೋ ಜರುಗಿದೆ' ಎಷ್ಟೋ ಸಲ ಇಷ್ಟೇ.

ಹತ್ತೂ ಒತ್ತಾಗಿ ಕೂತಿದ್ದು, ಗ್ರೂಪ್ ಪೂರ್ತಿ ಬೇರೆ ಜಾಗಕ್ಕೆ ಹೋಗಿದ್ದರೆ ಸಂತೋಷಪಡಿ. ಯಾವುದೋ ಒಂದು ಸಲ ಅಲುಗಿ ನಿಂತಿದೆ: ಕಾರಿನಲ್ಲಿ ಪೆಟ್ಟು ಬಿದ್ದಿರಬಹುದು, ಗುಂಡಿನ ಲಾಟ್ (ತಯಾರಿಕೆಯ ಕಂತು) ಬದಲಾಗಿರಬಹುದು, ಯಾರೋ ಟರೆಟ್ ತಿರುಗಿಸಿರಬಹುದು. ಗುಂಡುಗಳು ಎರಡು ಗುಂಪಾಗಿ ಬಿದ್ದಿದ್ದರೆ, ಐದು ಇಲ್ಲಿ ಐದು ಅಲ್ಲಿ, ಯಾವುದೋ ಭಾಗ ಎರಡು ಜಾಗದ ಮಧ್ಯೆ ಓಡಾಡುತ್ತಿದೆ. ಅದು ಮೌಂಟ್ ಇರಬಹುದು, ಸ್ಟಾಕ್ (ರೈಫಲ್ ಕೂರುವ ಮರದ ಅಥವಾ ಪ್ಲಾಸ್ಟಿಕ್ ಭಾಗ) ಸ್ಕ್ರೂ ಇರಬಹುದು, ಸ್ಕೋಪ್ ಒಳಗಿನ ಸ್ಪ್ರಿಂಗ್ ಇರಬಹುದು. 1ರಿಂದ 10ರ ತನಕ ಮೆಟ್ಟಿಲು ಹತ್ತಿದ ಹಾಗೆ ಒಂದೇ ದಿಕ್ಕಿಗೆ ನಡೆದಿದ್ದರೆ ಬಿಸಿ ನಳಿಗೆಯ ಮೇಲೆ ಅನುಮಾನ, ಅದರಲ್ಲೂ ತೆಳು ನಳಿಗೆಯ ಬೇಟೆ ರೈಫಲ್ ಆಗಿದ್ದರೆ. ಮೊದಲನೇ ಗುಂಡು ಮಾತ್ರ ದೂರ, ಮಿಕ್ಕ ಒಂಬತ್ತು ಸರಿ ಎಂದಾದರೆ ನೀವು ನಿನ್ನೆ ರಾತ್ರಿ ನಳಿಗೆ ಕ್ಲೀನ್ ಮಾಡಿ ಎಣ್ಣೆ ಒರೆಸದೆ ಬಿಟ್ಟಿದ್ದೀರಿ. ಹತ್ತೂ ಹತ್ತು ಕಡೆ ಚೆಲ್ಲಾಪಿಲ್ಲಿ ಬಿದ್ದಿದ್ದರೆ ಎಲ್ಲದರ ಮೇಲೂ ಅನುಮಾನ, ನಿಮ್ಮನ್ನೂ ಸೇರಿಸಿ.

ಸ್ಕ್ರೂಗಳು, ಮತ್ತೆ ಸ್ಕ್ರೂಗಳು

ನಾನು ನೋಡಿದ ಝೀರೋ ತೊಂದರೆಗಳಲ್ಲಿ ಜಾಸ್ತಿ ಇಲ್ಲೇ ಮುಗಿದಿವೆ. ಹಾಗಾಗಿ ಸ್ಕೋಪ್ ಕೆಟ್ಟಿದೆ ಎಂದು ಪಾರ್ಸೆಲ್ ಕಟ್ಟುವ ಮೊದಲು ಇಲ್ಲಿ ಒಂದು ಗಂಟೆ ಕಳೆಯಿರಿ.

ಸ್ಕೋಪ್ ಅನ್ನು ರಿಂಗ್ ಹಿಡಿಯುತ್ತದೆ, ರಿಂಗ್ ಬೇಸ್ ಎನ್ನುವ ಪಟ್ಟಿಯ ಮೇಲೆ ಕೂರುತ್ತದೆ, ಬೇಸ್ ಅನ್ನು ಸ್ಕ್ರೂ ಹಾಕಿ ರೈಫಲ್ ಮೇಲೆ ಕೂರಿಸಿರುತ್ತಾರೆ. ಮೇಲಿಂದ ಕೆಳಗೆ ಬನ್ನಿ. ಮೊದಲು ರಿಂಗ್‌ನ ಮೇಲಿನ ಮುಚ್ಚಳದ ಸ್ಕ್ರೂ. ಎರಡೂ ಬದಿಯ ಸಂದು ಸಮ ಇರಬೇಕು. ಒಂದು ಬದಿ ಕಚ್ಚಿಕೊಂಡು ಇನ್ನೊಂದು ಬದಿ ಬಾಯಿ ಬಿಟ್ಟಿದ್ದರೆ ಸ್ಕೋಪ್ ಜಾರುತ್ತದೆ. ಸ್ಕೋಪ್ ಕೊಳವೆಯ ಮೇಲೆ ರಿಂಗ್ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ಹತ್ತು ಗುಂಡು ಹೊಡೆಯಿರಿ, ಗೆರೆ ದೂರ ಸರಿದರೆ ಉತ್ತರ ಸಿಕ್ಕಿತು. ಹಾಗೆಂದು ಕೈಲಾದಷ್ಟು ಬಲ ಹಾಕಿ ಬಿಗಿದರೆ ಕೊಳವೆ ಚಪ್ಪಟೆಯಾಗಿ ಒಳಗಿನ ಭಾಗ ಹಿಡಿದುಕೊಳ್ಳುತ್ತದೆ. ಹೆಚ್ಚಿನ ರಿಂಗ್‌ಗಳಿಗೆ 15ರಿಂದ 20 ಇಂಚ್ ಪೌಂಡ್ ಸಾಕು, ಅಂದರೆ 2 ನ್ಯೂಟನ್ ಮೀಟರ್ ಆಸುಪಾಸು. ಆದರೂ ನಿಮ್ಮ ರಿಂಗ್ ಜೊತೆ ಬಂದ ಚೀಟಿಯಲ್ಲಿ ಏನಿದೆಯೋ ಅದನ್ನೇ ನಂಬಿ, ನನ್ನನ್ನಲ್ಲ. ಬಿಗಿಯುವ ಬಲ (ಟಾರ್ಕ್) ಅಳೆಯುವ ಟಾರ್ಕ್ ಡ್ರೈವರ್ ಇಲ್ಲದಿದ್ದರೆ ಯಾರದ್ದಾದರೂ ಎರವಲು ತನ್ನಿ.

ಆಮೇಲೆ ರಿಂಗ್ ಬೇಸ್‌ಗೆ ಕೂರುವ ಜಾಗ. ಇಲ್ಲಿ ಬಹಳ ಜನ ತಿಳಿಯದೆ ತಪ್ಪು ಮಾಡುತ್ತಾರೆ. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಸ್ಕೋಪ್ ಇದ್ದ ಜಾಗದಲ್ಲೇ ಇರಲು ನೋಡುತ್ತದೆ, ಅಂದರೆ ರೈಫಲ್ ಲೆಕ್ಕದಲ್ಲಿ ಅದು ಮುಂದಕ್ಕೆ ಓಡುತ್ತದೆ. ಹಾಗಾಗಿ ಬಿಗಿಯುವಾಗಲೇ ರಿಂಗ್ ಅನ್ನು ನಳಿಗೆಯ ಬಾಯಿ ಕಡೆಗೆ ತಳ್ಳಿ, ಅದರ ಅಡ್ಡಪಟ್ಟಿಯನ್ನು ಬೇಸ್ ತೋಡಿನ ಮುಂದಿನ ಗೋಡೆಗೆ ತಾಗಿಸಿ, ಆಮೇಲೆ ನಟ್ ಬಿಗಿಯಬೇಕು. ಹಿಂದಿನ ಗೋಡೆಗೆ ತಾಗಿಸಿ ಬಿಗಿದರೆ ಪ್ರತಿ ಗುಂಡಿಗೂ ಸ್ವಲ್ಪ ಸ್ವಲ್ಪ ಮುಂದೆ ಜರುಗುವ ಅವಕಾಶ ನೀವೇ ಕೊಟ್ಟ ಹಾಗೆ.

ಇನ್ನು ಬೇಸ್ ಸ್ಕ್ರೂ. ನನ್ನ ಮೂರು ಭಾನುವಾರ ಹಾಳಾಗಿದ್ದು ಇದರಿಂದಲೇ.

ರೈಫಲ್‌ಗೆ ಹೊಸ ಬೇಸ್ ಹಾಕಿದ್ದೆ. ನಾಲ್ಕು ಸ್ಕ್ರೂ, ನಾಲ್ಕೂ ಕಲ್ಲಿನ ಹಾಗೆ ಬಿಗಿ. ಗ್ರೂಪ್ ಮಾತ್ರ ಒಮ್ಮೆ ಇಲ್ಲಿ, ಒಮ್ಮೆ ನಾಲ್ಕು ಸೆಂ.ಮೀ. ಮೇಲೆ. ರಿಂಗ್ ಬದಲಾಯಿಸಿದೆ, ಸ್ಕೋಪ್ ಬದಲಾಯಿಸಿದೆ, ಇನ್ನೊಂದು ಸ್ಕೋಪೂ ಅದೇ ಆಟ ಆಡಿತು. ಪಕ್ಕದ ಲೇನ್‌ನಲ್ಲಿದ್ದ ಹಿರಿಯರೊಬ್ಬರು ನನ್ನ ಪಾಡು ನೋಡಿ, "ಸ್ಕ್ರೂ ಬಿಗಿ ಇದೆ ಸರಿ, ಬೇಸ್ ಬಿಗಿ ಇದೆಯಾ?" ಎಂದರು. ಎರಡೂ ಒಂದೇ ಅಲ್ಲವೇ ಎಂದೆ. ಅವರು ಸ್ಕೋಪ್ ಇಳಿಸಿ ಮೂರು ಸ್ಕ್ರೂ ಬಿಚ್ಚಿಸಿದರು, ತೀರಾ ಮುಂದಿನ ಒಂದನ್ನು ಮಾತ್ರ ಬಿಟ್ಟರು, ಹಾಗೇ ಬಿಗಿಯಾಗಿ. "ಈಗ ಬೇಸ್ ಹಿಡಿದು ಅಲುಗಾಡಿಸಿ." ಅಲುಗಾಡಿತು! ಸ್ಕ್ರೂ ಜಪ್ಪಯ್ಯ ಎಂದರೂ ತಿರುಗದು, ಬೇಸ್ ಮಾತ್ರ ಅಲ್ಲಾಡುವ ಹಲ್ಲಿನ ಹಾಗೆ ಅತ್ತಿತ್ತ.

ಸ್ಕ್ರೂ ತೆಗೆದು ನೋಡಿದೆವು. ತುದಿಯ ಕಪ್ಪು ಬಣ್ಣ ಹೋಗಿ ಸಾಸಿವೆ ಕಾಳಿನಷ್ಟು ಜಾಗ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಸ್ಕ್ರೂ ಉದ್ದ ಜಾಸ್ತಿ. ಮುಂದಿನ ರಂಧ್ರದ ಕೆಳಗೆ ನಳಿಗೆಯ ಹಿಂತುದಿಯ ಸ್ಕ್ರೂ ಎಳೆ ಇರುತ್ತದೆ; ಉದ್ದ ಸ್ಕ್ರೂ ಬೇಸ್ ಅನ್ನು ಒತ್ತುವ ಮೊದಲೇ ಅದಕ್ಕೆ ತಾಗಿ ನಿಲ್ಲುತ್ತದೆ, ಕೈಗೆ ಮಾತ್ರ 'ಬಿಗಿಯಾಯಿತು' ಎನಿಸುತ್ತದೆ. ಬೇಸ್ ಜೊತೆ ಎರಡು ಉದ್ದದ ಸ್ಕ್ರೂ ಬರುವುದು ಇದಕ್ಕೇ, ನಾನು ಅದಲು ಬದಲು ಮಾಡಿದ್ದೆ. ಇದನ್ನು ಇನ್ನೊಬ್ಬರ ಮೇಲೆ ಹಾಕಲೂ ದಾರಿ ಇಲ್ಲ.

ಆ ಪರೀಕ್ಷೆ ನೀವೂ ಮಾಡಿ: ಒಂದು ಸಲಕ್ಕೆ ಒಂದೇ ಸ್ಕ್ರೂ ಬಿಗಿದು ಬೇಸ್ ಅಲುಗಾಡಿಸಿ, ನಾಲ್ಕಕ್ಕೂ. ಹಿಂದಿನ ರಂಧ್ರಗಳಲ್ಲಿ ಉದ್ದ ಜಾಸ್ತಿಯಾದರೆ ಇನ್ನೊಂದು ಗುರುತು ಸಿಗುತ್ತದೆ, ಬೋಲ್ಟ್ ಎಳೆಯುವಾಗ ಒಂದು ಜಾಗದಲ್ಲಿ ತಡೆಯುತ್ತದೆ, ಸ್ಕ್ರೂ ಸಡಿಲಿಸಿದರೆ ತಡೆ ಮಾಯ. ಬಹಳ ರೈಫಲ್‌ಗಳಲ್ಲಿ ಬೇಸ್ ಸ್ಕ್ರೂ 6-48 ಎನ್ನುವ ಅಳತೆಯದ್ದು, ಇಂಚಿಗೆ 48 ಎಳೆ, ಅಂದರೆ ಒಂದು ಸುತ್ತಿಗೆ ಅದು ಇಳಿಯುವುದು ಅರ್ಧ ಮಿ.ಮೀ. ಅಷ್ಟೇ. ಅಷ್ಟು ಸಣ್ಣ ತಪ್ಪು ಸಾಕು ಒಂದು ತಿಂಗಳು ಕೆಡಿಸಲು. ವಾಪಸ್ ಹಾಕುವಾಗ ರಂಧ್ರ ಮತ್ತು ಎಳೆಯ ಎಣ್ಣೆಯನ್ನು ಪೂರ್ತಿ ಒರೆಸಿ. ತೆಗೆಯಲು ಬರುವಂಥ ನೀಲಿ ಲಾಕಿಂಗ್ ಅಂಟು ಒಂದು ತೊಟ್ಟು ಬೇಸ್ ಸ್ಕ್ರೂಗೆ ಹಾಕಬಹುದು. ಅಂಟು ಎಣ್ಣೆಯ ಹಾಗೇ ಜಾರಿಸುತ್ತದೆ, ಅದೇ ಟಾರ್ಕ್‌ಗೆ ಸ್ಕ್ರೂ ಜಾಸ್ತಿ ಬಿಗಿಯುತ್ತದೆ ಎನ್ನುವುದು ನೆನಪಿರಲಿ.

ಸ್ಟಾಕ್ ಮತ್ತು ನಳಿಗೆ

ಸ್ಟಾಕಿಗೆ ಆ್ಯಕ್ಷನ್ ಅನ್ನು (ಬೋಲ್ಟ್ ಓಡಾಡುವ ಲೋಹದ ಭಾಗ) ಹಿಡಿಯುವ ಎರಡು ಸ್ಕ್ರೂ ಇರುತ್ತವೆ. ಮರದ ಸ್ಟಾಕ್ ಆದರೆ ಮಳೆಗಾಲದಲ್ಲಿ ಊದಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಸ್ಕ್ರೂ ತಾನಾಗಿ ಸಡಿಲವಾಗುತ್ತದೆ. ರೈಫಲ್ ಅನ್ನು ನಿಲ್ಲಿಸಿ ಹಿಡಿದು, ನಳಿಗೆ ಮತ್ತು ಸ್ಟಾಕ್ ಎರಡಕ್ಕೂ ತಾಗುವ ಹಾಗೆ ಬೆರಳಿಟ್ಟು ಮುಂದಿನ ಸ್ಕ್ರೂ ನಿಧಾನ ಸಡಿಲಿಸಿ, ಮತ್ತೆ ಬಿಗಿಯಿರಿ. ಬೆರಳಿನ ಕೆಳಗೆ ನಳಿಗೆ ಸ್ಟಾಕಿನಿಂದ ಎದ್ದು ಇಳಿದ ಹಾಗೆ ಅನಿಸಿದರೆ ಆ್ಯಕ್ಷನ್ ಸ್ಟಾಕಿನಲ್ಲಿ ಸಮವಾಗಿ ಕೂತಿಲ್ಲ, ಕೂರುವ ಜಾಗ ಸರಿಮಾಡುವ ಬೆಡ್ಡಿಂಗ್ ಕೆಲಸ ಬೇಕು. ಅದು ಗನ್‌ಸ್ಮಿತ್ ಕೆಲಸ, ಅನುಭವ ಇಲ್ಲದೆ ಕೈ ಹಾಕಬೇಡಿ.

ಒಂದು ಗಟ್ಟಿ ಕಾಗದವನ್ನು ನಳಿಗೆ ಮತ್ತು ಸ್ಟಾಕಿನ ಮಧ್ಯೆ ತೂರಿಸಿ ಆ್ಯಕ್ಷನ್ ತನಕ ಎಳೆಯಿರಿ. ಸಿಕ್ಕಿಕೊಂಡ ಜಾಗದಲ್ಲಿ ಮರ ನಳಿಗೆಗೆ ತಾಗುತ್ತಿದೆ. ಖಾಲಿ ಕೂತಾಗ ಕಾಗದ ಸಲೀಸಾಗಿ ಹೋಗಿ, ಮುಂಭಾಗವನ್ನು ಚೀಲದ ಮೇಲೆ ಇಟ್ಟು ಒತ್ತಿದಾಗ ಸಿಕ್ಕಿಕೊಳ್ಳುವುದೂ ಉಂಟು, ತೆಳು ಪ್ಲಾಸ್ಟಿಕ್ ಸ್ಟಾಕ್‌ಗಳಲ್ಲಿ ಇದು ಮಾಮೂಲಿ. ಹಾಗಾಗಿ ಹೊಡೆಯುವಾಗ ಇಡುವ ಹಾಗೇ ಇಟ್ಟು ಪರೀಕ್ಷೆ ಮಾಡಿ. ನಳಿಗೆಯನ್ನೇ ನೇರ ಚೀಲದ ಮೇಲೆ ಇಡುವವರಿಗೆ ಬೇರೆ ಪರೀಕ್ಷೆ ಬೇಡ, ಚೀಲ ತೆಗೆದು ಸ್ಟಾಕ್ ಕೆಳಗೆ ಇಡಿ. ಬೆಲ್ಟ್ ಕಟ್ಟುವ ಕೊಂಡಿ ಚೀಲದ ಅಂಚಿಗೆ ತಾಗುತ್ತಿದೆಯೇ ಎಂದೂ ನೋಡಿ, ಅದು ತಾಗಿದರೆ ಗುಂಡು ಮೇಲೆ ಕೆಳಗೆ ಸಾಲಾಗಿ ಬೀಳುತ್ತದೆ.

ಸ್ಕೋಪೇ ತಪ್ಪಿತಸ್ಥ ಎಂದು ಹೇಳುವ ಮೊದಲು

ಗುಂಡು ಖರ್ಚಿಲ್ಲದ ಪರೀಕ್ಷೆ ಒಂದಿದೆ. ಬೋಲ್ಟ್ ತೆಗೆದ ರೈಫಲ್ ಅನ್ನು ಅಲುಗದ ಹಾಗೆ ಹಿಡಿಕೆಯಲ್ಲಿ ಕೂರಿಸಿ, ನಳಿಗೆಯ ಒಳಗಿಂದ ದೂರದ ಒಂದು ಗುರುತು ನಡುವೆ ಕಾಣುವ ಹಾಗೆ ಮಾಡಿ. ಸ್ಕೋಪ್‌ನಲ್ಲಿ ರೆಟಿಕಲ್ (ಗುರಿಯ ಅಡ್ಡ ಉದ್ದ ಗೆರೆ) ಎಲ್ಲಿದೆ ಎಂದು ಬರೆದಿಡಿ. ಈಗ ಸ್ಕೋಪ್ ಕೊಳವೆಗೆ ಅಂಗೈಯಿಂದ ಮೃದುವಾಗಿ ತಟ್ಟಿ. ಆಮೇಲೆ ಟರೆಟ್ ಅನ್ನು 20 ಕ್ಲಿಕ್ ಅತ್ತ, 20 ಕ್ಲಿಕ್ ಇತ್ತ ಮಾಡಿ ಮೊದಲಿನ ನಂಬರ್‌ಗೆ ತನ್ನಿ. (ಹೌದು, ಮುಟ್ಟಬೇಡಿ ಎಂದಿದ್ದೆ. ಇದು ಪರೀಕ್ಷೆ, ನಂಬರ್ ಬರೆದಿಟ್ಟುಕೊಂಡು ಮಾಡುವುದು.) ರೈಫಲ್ ಅಲುಗದೆ ರೆಟಿಕಲ್ ಬೇರೆ ಜಾಗದಲ್ಲಿ ನಿಂತರೆ ಸ್ಕೋಪ್ ಒಳಗೇ ತೊಂದರೆ.

ಹಳೆ ಸ್ಕೋಪ್‌ಗಳ ಒಂದು ಕಾಯಿಲೆ ಗುರುತಿಸುವುದು ಸುಲಭ. ಕ್ಲಿಕ್ ತಿರುಗಿಸುತ್ತೀರಿ, ಮೊದಲ ಗುಂಡು ಇದ್ದಲ್ಲೇ ಬೀಳುತ್ತದೆ, ಎರಡನೆಯದೂ ಹಾಗೇ, ಮೂರನೆಯದಕ್ಕೆ ಎದ್ದುಬಿದ್ದು ಹೊಸ ಜಾಗಕ್ಕೆ ಹೋಗುತ್ತದೆ. ಒಳಗಿನ ಸ್ಪ್ರಿಂಗ್ ಸೋತಿದೆ, ರೈಫಲ್‌ನ ಒದೆತವೇ ಅದನ್ನು ತಳ್ಳಿ ಜಾಗಕ್ಕೆ ಕೂರಿಸುತ್ತಿದೆ. ಟರೆಟ್ ಅದರ ಓಟದ ಕಟ್ಟಕಡೆಯಲ್ಲಿ ಇದ್ದಾಗ ಒಳ್ಳೆಯ ಸ್ಕೋಪೂ ಹೀಗೆ ಆಡುತ್ತದೆ. ಅಂಥ ಕಡೆ ಬೇಸ್ ಸೊಟ್ಟ ಇದೆಯೇ ಎಂದು ಮೊದಲು ನೋಡಿ.

ಟ್ರ್ಯಾಕಿಂಗ್, ಅಂದರೆ ತಿರುಗಿಸಿದಷ್ಟೇ ಗುರಿ ಸರಿಯುತ್ತದೆಯೇ ಎಂದು ನೋಡಬೇಕೆಂದರೆ ಎತ್ತರದ ಹಾಳೆಗೆ ತೂಗುಗುಂಡು ಬಿಟ್ಟು ನೇರ ಗೆರೆ ಎಳೆಯಿರಿ. ಕೆಳಗಿನ ಚುಕ್ಕೆಗೇ ಗುರಿ ಇಟ್ಟು ಐದು ಗುಂಡು, ಟರೆಟ್ 5 ಮಿಲ್ (ಕೋನದ ಒಂದು ಅಳತೆ) ಮೇಲಕ್ಕೆ ಮಾಡಿ ಅದೇ ಚುಕ್ಕೆಗೆ ಗುರಿ ಇಟ್ಟು ಐದು, ವಾಪಸ್ ತಂದು ಐದು. 100 ಮೀಟರ್‌ನಲ್ಲಿ ಎರಡು ಗ್ರೂಪಿನ ಅಂತರ 50 ಸೆಂ.ಮೀ. ಬರಬೇಕು, ಮೂರನೆಯದು ಮೊದಲನೆಯದರ ಮೇಲೇ ಬೀಳಬೇಕು. ಗುಂಡು ಗೆರೆ ಬಿಟ್ಟು ಓರೆಯಾಗಿ ಹತ್ತಿದರೆ ಸ್ಕೋಪ್ ರಿಂಗ್‌ನಲ್ಲಿ ವಾಲಿಕೊಂಡಿದೆ ಅಥವಾ ನೀವು ರೈಫಲ್ ವಾಲಿಸಿ ಹಿಡಿಯುತ್ತಿದ್ದೀರಿ. ಕ್ಲಿಕ್ ಲೆಕ್ಕ ಗೊಂದಲ ಆಗುವವರಿಗೆ: 100 ಮೀಟರ್‌ನಲ್ಲಿ 0.1 ಮಿಲ್ ಅಂದರೆ 1 ಸೆಂ.ಮೀ., ಕಾಲು ಎಂಒಎ (ಕೋನದ ಇನ್ನೊಂದು ಅಳತೆ) ಅಂದರೆ ಸುಮಾರು 7 ಮಿ.ಮೀ.; 50 ಮೀಟರ್‌ನಲ್ಲಿ ಎರಡೂ ಅರ್ಧ.

ಪ್ಯಾರಲಾಕ್ಸ್ ಬಗ್ಗೆ ಜನ ಒಂದೋ ತೀರಾ ಹೆದರುತ್ತಾರೆ, ಇಲ್ಲವೇ ಲೆಕ್ಕಕ್ಕೇ ಇಡುವುದಿಲ್ಲ. ತಲೆಯನ್ನು ಸ್ಕೋಪ್ ಹಿಂದೆ ಮೇಲೆ ಕೆಳಗೆ ಆಡಿಸಿ, ರೆಟಿಕಲ್ ಗುರಿಯ ಮೇಲೆ ತೇಲಿದ ಹಾಗೆ ಕಂಡರೆ ಅದೇ ಪ್ಯಾರಲಾಕ್ಸ್. ಹೊಂದಿಸುವ ಗುಂಡಿ ಇಲ್ಲದ ಬೇಟೆ ಸ್ಕೋಪ್‌ಗಳನ್ನು ಸಾಮಾನ್ಯವಾಗಿ 100 ಗಜದ ಸುತ್ತಮುತ್ತ ಹೊಂದಿಸಿರುತ್ತಾರೆ. 100 ಮೀಟರ್‌ಗೆ ಹೊಂದಿಸಿದ, 40 ಮಿ.ಮೀ. ಮುಂಗಾಜಿನ ಸ್ಕೋಪ್‌ನಲ್ಲಿ 50 ಮೀಟರ್ ಗುರಿ ನೋಡುತ್ತಾ ಕಣ್ಣನ್ನು ತೀರಾ ಅಂಚಿಗೆ ಒಯ್ದರೆ ಬರುವ ತಪ್ಪು ಒಂದು ಸೆಂ.ಮೀ. ಆಸುಪಾಸು. ಕಡಿಮೆ ಎನಿಸುತ್ತದೆ. ಆದರೆ 50 ಮೀಟರ್ ಸ್ಪರ್ಧೆಯ ಹಾಳೆಯಲ್ಲಿ ಹತ್ತರ ವೃತ್ತದ ಅಗಲವೇ 10.4 ಮಿ.ಮೀ.! ಕೆನ್ನೆಯನ್ನು ಪ್ರತಿ ಸಲ ಸ್ಟಾಕಿನ ಅದೇ ಜಾಗಕ್ಕೆ ಒತ್ತಿದರೆ ಇದು ಕಾಡುವುದಿಲ್ಲ.

ಸ್ಪ್ರಿಂಗ್ ಏರ್ ರೈಫಲ್ ಇರುವವರಿಗೆ ಒಂದು ಎಚ್ಚರಿಕೆ. ಅದರಲ್ಲಿ ಪಿಸ್ಟನ್ ಮುಂದೆ ಓಡುವಾಗ ಒಂದು ಒದೆ ಹಿಂದಕ್ಕೆ, ಅದು ಬಡಿದು ನಿಂತಾಗ ಇನ್ನೊಂದು ಮುಂದಕ್ಕೆ. ದೊಡ್ಡ ಬೇಟೆ ರೈಫಲ್ ಮೇಲೆ ವರ್ಷಗಟ್ಟಲೆ ಬದುಕಿದ ಸ್ಕೋಪ್ ಕೂಡ ಈ ಎರಡನೇ ಒದೆಗೆ ಸಾಯಬಹುದು. ಏರ್ ರೈಫಲ್‌ಗೆ ಆಗುತ್ತದೆ ಎಂದು ಬರೆದಿರುವ ಸ್ಕೋಪೇ ಬೇಕು.

ಮಂಜು ಹಿಡಿಯುವುದು: ಗಾಜಿನ ಹೊರಗೆ ಆದರೆ ಒರೆಸಿ. ಒಳಗೆ ಆದರೆ ಸೀಲ್ ಹೋಗಿದೆ, ತುಂಬಿಸಿದ್ದ ನೈಟ್ರೋಜನ್ ಸೋರಿದೆ, ರಿಪೇರಿಗೆ ಕಳಿಸಿ.

ಇಷ್ಟಾದ ಮೇಲೂ ಅನುಮಾನ ಉಳಿದರೆ, ಚೆನ್ನಾಗಿದೆ ಎಂದು ಗೊತ್ತಿರುವ ಬೇರೆ ಸ್ಕೋಪ್ ಹಾಕಿ ಹತ್ತು ಗುಂಡು ಹೊಡೆಯಿರಿ. ತೊಂದರೆ ಹೋದರೆ ಸ್ಕೋಪ್, ಉಳಿದರೆ ರೈಫಲ್ ಅಥವಾ ನೀವು.

ಗುಂಡು, ಗಾಳಿ, ನಾವು

ಪಾಯಿಂಟ್ 22 ರೈಫಲ್‌ಗಳು ಗುಂಡಿನ ವಿಷಯದಲ್ಲಿ ಮಹಾ ಹಟಮಾರಿ. ಒಂದೇ ಬ್ರ್ಯಾಂಡ್‌ನ ಎರಡು ಲಾಟ್ ಬೇರೆ ಬೇರೆ ಜಾಗಕ್ಕೆ ಬೀಳುವುದು ದೋಷ ಅಲ್ಲ, ಅದರ ಸ್ವಭಾವ. ಬ್ರ್ಯಾಂಡ್ ಬದಲಾಯಿಸಿದರೆ ಮೊದಲ ಹತ್ತಿಪ್ಪತ್ತು ಗುಂಡನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹೊಸ ಮೇಣ ನಳಿಗೆಗೆ ಹೊಂದಿಕೊಳ್ಳಬೇಕು. ಗಾಳಿಯೂ ಹಾಗೇ. ಅಡ್ಡಗಾಳಿ ಗಂಟೆಗೆ 15 ಕಿ.ಮೀ. ಇದ್ದರೆ 50 ಮೀಟರ್‌ನಲ್ಲೇ ಎರಡು ಸೆಂ.ಮೀ.ಗಿಂತ ಜಾಸ್ತಿ ತಳ್ಳುತ್ತದೆ. ಗಾಳಿ ಬಿಟ್ಟು ಬಿಟ್ಟು ಬೀಸುತ್ತಿದ್ದರೆ ಹಾಳೆಯಲ್ಲಿ ಅಡ್ಡಡ್ಡ ಸಾಲು ಕಾಣುತ್ತದೆ, ನಾವು ಸುಮ್ನೆ ಸ್ಕೋಪ್ ಬೈಯುತ್ತೇವೆ.

ಇನ್ನು ನಾವು. ಗೆಳೆಯನ ಹತ್ತಿರ ಮ್ಯಾಗಝಿನ್ ತುಂಬಿಸಿ, ಮಧ್ಯೆ ಎಲ್ಲೋ ಒಂದು ಡಮ್ಮಿ (ಸಿಡಿಯದ ನಕಲಿ ಗುಂಡು) ಸೇರಿಸಲು ಹೇಳಿ, ಎಲ್ಲಿದೆ ಎಂದು ನಿಮಗೆ ಗೊತ್ತಿರಬಾರದು. ಡಮ್ಮಿ ಬಂದಾಗ ಟಿಕ್ ಎಂದು ಸದ್ದಾಗಿ ರೆಟಿಕಲ್ ಕುಪ್ಪಳಿಸಿದರೆ ಒದೆ ಬರುವ ಮೊದಲೇ ನಿಮ್ಮ ಭುಜ ಹೆದರುತ್ತಿದೆ. ನನ್ನದು ಕುಪ್ಪಳಿಸಿತ್ತು. ಪಕ್ಕದವರು ನೋಡಿ ನಕ್ಕರು. ಇದೇ ಹೊತ್ತಿಗೆ ರೈಫಲ್ ಅನ್ನು ಇನ್ನೊಬ್ಬ ಒಳ್ಳೆಯ ಗುರಿಗಾರನ ಕೈಗೆ ಕೊಟ್ಟು ಹತ್ತು ಹೊಡೆಸಿ. ಅವರ ಗ್ರೂಪ್ ಒತ್ತಾಗಿ ಬಂದರೆ ಸ್ಕ್ರೂಡ್ರೈವರ್ ಪೆಟ್ಟಿಗೆಗೆ ಹಾಕಿ.

ನಳಿಗೆಯ ಬಾಯಿಯ ಅಂಚನ್ನು ಬೆಳಕಿನಲ್ಲಿ ನೋಡಲು ಮರೆಯಬೇಡಿ (ಬೋಲ್ಟ್ ತೆಗೆದೇ). ಅಲ್ಲಿ ಒಂದು ಕಡೆ ಸಣ್ಣ ಗಾಯ ಇದ್ದರೂ ಗ್ರೂಪ್ ಚೆಲ್ಲುತ್ತದೆ. ಕ್ಲೀನಿಂಗ್ ರಾಡ್ ಅನ್ನು ಬಾಯಿ ಕಡೆಯಿಂದ ತೂರಿಸುವ ಅಭ್ಯಾಸ ಇದ್ದರೆ ಅನುಮಾನ ಜಾಸ್ತಿ ಪಡಿ.

ಕಾರಣ ಸಿಕ್ಕ ಮೇಲೆ

ಈಗ ಟರೆಟ್ ಮುಟ್ಟಬಹುದು. ಕೊಳಕಾದ ನಳಿಗೆಯಲ್ಲೇ, ಒಂದೇ ಲಾಟ್ ಗುಂಡಿನಲ್ಲಿ, ಐದು ಹೊಡೆದು, ಗ್ರೂಪಿನ ನಡುಬಿಂದುವಿನಿಂದ ಅಳೆದು ಒಂದೇ ಸಲ ಕ್ಲಿಕ್ ತಿರುಗಿಸಿ, ಮತ್ತೆ ಹತ್ತು ಹೊಡೆದು ನೋಡಿ. ಪ್ರತಿ ಸ್ಕ್ರೂ ತಲೆಯಿಂದ ಬೇಸ್ ಮೇಲಕ್ಕೆ ಉಗುರು ಬಣ್ಣದ ಸಣ್ಣ ಗೆರೆ ಎಳೆದಿಡಿ. ಮುಂದಿನ ಸಲ ಗೆರೆ ಮುರಿದಿದೆಯೇ ಎಂದು ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ.

ನನ್ನ ರೈಫಲ್‌ಗೆ ಗಿಡ್ಡ ಸ್ಕ್ರೂ ಮುಂದಕ್ಕೆ, ಉದ್ದದ್ದು ಹಿಂದಕ್ಕೆ ಹಾಕಿ, ಒಂದೊಂದನ್ನೇ ಅಲುಗಾಡಿಸಿ ನೋಡಿ, ಮೊದಲ ದಿನ ಬರೆದಿಟ್ಟಿದ್ದ ನಂಬರ್‌ಗೆ ಟರೆಟ್ ತಂದೆ. ಐದು ಗುಂಡು. ಗ್ರೂಪ್ ನಡುವಿನಿಂದ ಒಂದೂವರೆ ಸೆಂ.ಮೀ. ಬಲಕ್ಕೆ ಬಂತು. ಎರಡು ಕ್ಲಿಕ್ ಎಡಕ್ಕೆ.